ಓದಿ ಹೇಳಲಾಯಿತು, ಸರಿಯಿದೆ

ಹೆಬ್ಬೆರಳಿನ ತುದಿಯಲ್ಲಿ ಕಾಲುಚೀಲ ತೂತಾಗಿದೆ, ಕಪ್ಪು ನೂಲಿನ ನಡುವಿನಿಂದ ಉಗುರು ಇಣುಕುತ್ತಿದೆ, ಬೂಟು ಎರಡನ್ನೂ ಬಿಚ್ಚಿ ಪಕ್ಕಕ್ಕೆ ಸರಿಸಿ ಒಂದು ಪಾದದಿಂದ ಇನ್ನೊಂದನ್ನು ಮೆಲ್ಲಗೆ ಕೆರೆದುಕೊಳ್ಳುತ್ತಿದ್ದಾನೆ ಮ್ಯಾಜಿಸ್ಟ್ರೇಟ್, ಮೇಜಿನ ಮೇಲೆ ಕೋರ್ಟಿನ ಮುಖ, ಮೇಜಿನ ಕೆಳಗೆ ಮನೆಯ ಕಾಲು – ಸಾಕ್ಷಿಕಟ್ಟೆಯಿಂದ ಇದೆಲ್ಲ ಇಷ್ಟು ಚೆನ್ನಾಗಿ ಕಾಣುತ್ತದೆ ಅಂತ ಆಕೆಗೆ ಈವರೆಗೆ ಯಾರೂ ಹೇಳಿರಲಿಲ್ಲ. ಹೇಳುವವರಾದರೂ ಯಾರು? ಇದೇ ಕೋಣೆಯಲ್ಲಿ, ಇದೇ ಮೇಜಿನ ಹಿಂದೆ ನ್ಯಾಯಾಧೀಶೆಯಾಗಿ ಆಕೆಯ ಮೊದಲ ಕುರ್ಚಿ, ಆಗಿನ್ನೂ ಚಿಕ್ಕ ವಯಸ್ಸು, ಬಿಳಿ ಕೊರಳಪಟ್ಟಿ ಕುತ್ತಿಗೆ ಕಚ್ಚುತ್ತಿತ್ತು, ಹೊಸ ಚಪ್ಪಲಿ ಹಿಮ್ಮಡಿ ಕಚ್ಚುತ್ತಿತ್ತು, ಕೂತ ತಕ್ಷಣ ಚಪ್ಪಲಿ ಜಾರಿಸಿ ಬರಿಗಾಲನ್ನು ತಣ್ಣನೆಯ ನೆಲಕ್ಕೆ ಒತ್ತಿದರೆ ಮಾತ್ರ ತಲೆ ಓಡುತ್ತಿತ್ತು, ಆಮೇಲೆ ದೊಡ್ಡ ಕೋರ್ಟು, ಅದಕ್ಕಿಂತ ದೊಡ್ಡ ಕೋರ್ಟು, ಮೇಜು ಅಗಲವಾಯಿತು, ಕುರ್ಚಿಯ ಬೆನ್ನು ಎತ್ತರವಾಯಿತು, ಚಪ್ಪಲಿ ಬಿಚ್ಚುವ ಚಾಳಿ ಮಾತ್ರ ಹೋಗಲಿಲ್ಲ, ಯಾರಿಗೆ ಕಾಣುತ್ತದೆ ಎಂಬ ಧೈರ್ಯ – ಕಾಣುತ್ತಿತ್ತು, ಕಳ್ಳರು, ಕೊಲೆಗಾರರು, ಆಸ್ತಿಗೆ ಕಿತ್ತಾಡುವ ಅಣ್ಣತಮ್ಮಂದಿರು, ಗಂಡನ ಮೇಲೆ ದೂರು ಹೊತ್ತು ಬಂದ ಹೆಂಗಸರು, ಎಲ್ಲರೂ ಇಲ್ಲಿ ನಿಂತು ಆಕೆಯ ಬರಿಗಾಲು ನೋಡಿಕೊಂಡೇ ಹೋಗಿದ್ದಾರೆ, ಹೊರಗೆ ಹೋಗಿ ನಕ್ಕಿರಲೂಬಹುದು. ತಕ್ಕಡಿ ಅತ್ತೆ ಅಂತ ವಕೀಲರು ಬೆನ್ನ ಹಿಂದೆ ಇಟ್ಟ ಹೆಸರು, ಎರಡೂ ಕಡೆಯವರನ್ನು ಒಂದೇ ಸಮ ಬೈಯುತ್ತಾಳೆ ಅಂತ, ಸೊಸೆಯಂದಿರ ಹಾಗೆ ನಾವು ನಡುಗಬೇಕು ಅಂತ, ಆ ಹೆಸರು ಗೋಡೆ ದಾಟಿ ಆಕೆಯ ಕಿವಿಗೆ ಬಿದ್ದ ದಿನ ಕೋಪ ಬಂದಂತೆ ಮಾಡಿ ಒಳಗೊಳಗೇ ಹಿಗ್ಗಿದ್ದಳು. ಈಗ ತಕ್ಕಡಿ ಅತ್ತೆಯೇ ಸಾಕ್ಷಿಕಟ್ಟೆಯಲ್ಲಿ, ಮರದ ಕಂಬಿ ಹಿಡಿದು, ಮಂಡಿ ನೋವು ಹಲ್ಲು ಕಚ್ಚಿ ತಡೆದುಕೊಂಡು.

ಮೇಡಂ, ಕುರ್ಚಿ ಹಾಕಿಸ್ಲಾ ಅಂತ ಮ್ಯಾಜಿಸ್ಟ್ರೇಟ್ ಕೇಳಿದ, ಕೇಳುವಾಗ ಅರ್ಧ ಎದ್ದೂ ಬಿಟ್ಟಿದ್ದ, ಎದ್ದರೆ ಕಾಲಲ್ಲಿ ಬೂಟಿಲ್ಲ ಅಂತ ನೆನಪಾಗಿ ಮತ್ತೆ ಕೂತ, ಬೇಡಪ್ಪ, ಸಾಕ್ಷಿ ನಿಂತೇ ಹೇಳ್ಬೇಕು, ಅಂದಳು ಆಕೆ, ಎಲ್ಲರೂ ಅದೇನೋ ದೊಡ್ಡತನವೆಂಬಂತೆ ತಲೆದೂಗಿದರು, ಗೌರವ ಎನ್ನುವುದು ಹೀಗೆಯೇ, ಸುಮ್ಮನೆ ನಿಂತರೂ ಬಡ್ಡಿ ಬೆಳೆಯುತ್ತದೆ. ಎದುರಿಗೆ ಕಟಕಟೆಯಲ್ಲಿ ಬ್ರೆಡ್ ವ್ಯಾನಿನ ಡ್ರೈವರ್, ದಪ್ಪ ಮೈ, ಅಂಗಿಯ ಗುಂಡಿ ಕೊರಳವರೆಗೆ ಹಾಕಿಕೊಂಡಿದ್ದಾನೆ, ಯಾರೋ ಹೇಳಿಕೊಟ್ಟಿರಬೇಕು, ಹೆಬ್ಬೆರಳಿನ ಉಗುರನ್ನು ಕಚ್ಚುತ್ತಾನೆ, ತಪ್ಪೆಂದು ಹೊಳೆದು ಕೈ ಕೆಳಗಿಳಿಸುತ್ತಾನೆ, ಮತ್ತೆ ಕಚ್ಚುತ್ತಾನೆ. ಹಿಂದಿನ ಬೆಂಚಿನ ತುದಿಯಲ್ಲಿ ಸತ್ತವನ ಹೆಂಡತಿ, ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಬಸ್ಸಿನಲ್ಲಿ ಕೂತಂತೆ, ಅವಳ ಗಂಡ ಪಂಪು ರಿಪೇರಿ ಅಂಗಡಿಯಲ್ಲಿ ಫಿಟ್ಟರ್, ಬೆಳಗಿನ ಹೊತ್ತು ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟಿದ್ದ, ಈ ತಕ್ಕಡಿ ಅತ್ತೆಯ ಮನೆಯ ಕೆಳಗಿನ ನಾಲ್ಕು ರಸ್ತೆ ಕೂಡುವಲ್ಲಿ ವ್ಯಾನು ಬಡಿಯಿತು, ಅಲ್ಲೇ ಹೋದ. ನನಗೆ ಹಸಿರಿತ್ತು, ಅವನೇ ಅಡ್ಡ ಬಂದ, ಅನ್ನುತ್ತಾನೆ ಡ್ರೈವರ್. ಸತ್ತವನು ಏನೂ ಅನ್ನುವಂತಿಲ್ಲ. ಅಂಗಡಿಗಳ ಷಟರ್ ಇನ್ನೂ ಎತ್ತಿರಲಿಲ್ಲ, ಸಿಗ್ನಲ್ಲಿನ ಕ್ಯಾಮೆರಾ ಕೆಟ್ಟು ಕೂತು ಯಾವ ಕಾಲವಾಯಿತೋ, ಕಂಡವರೆಂದರೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತಿದ್ದ ಒಬ್ಬಳೇ ಒಬ್ಬಳು, ನಿವೃತ್ತ ಹಿರಿಯ ನ್ಯಾಯಮೂರ್ತಿ, ಇಡೀ ಮೊಕದ್ದಮೆ ಆಕೆಯ ನಾಲಿಗೆಯ ಮೇಲೆ ಕೂತಿದೆ, ಆಕೆ ಕೆಂಪು ಅಂದರೆ ಇವನು ಜೈಲಿಗೆ, ಗೊತ್ತಿಲ್ಲ ಅಂದರೆ ಇವನು ಮನೆಗೆ, ಅವಳು ಚೀಲ ಹಿಡಿದುಕೊಂಡು ಬರಿಗೈಯಲ್ಲಿ ವಾಪಸ್ಸು.

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ – ಈ ಮಾತನ್ನು ಎಷ್ಟು ಸಾವಿರ ಬಾಯಲ್ಲಿ ಕೇಳಿದ್ದಾಳೋ, ಕೆಲವರು ಮಗ್ಗಿ ಒಪ್ಪಿಸಿದಂತೆ, ಕೆಲವರು ಅರ್ಧಕ್ಕೆ ತಡವರಿಸಿ, ಇವತ್ತು ಸ್ವಂತ ಬಾಯಲ್ಲಿ ಹೇಳಿದಾಗ ಅನ್ನಿಸಿತು, ಎಷ್ಟು ಉದ್ದ ಇದೆ ಈ ವಾಕ್ಯ. ತಮ್ಮ ಉದ್ಯೋಗ, ಅಂದ ಸರ್ಕಾರಿ ವಕೀಲ, ಕೇಳಿ ತಾನೇ ನಾಚಿಕೊಂಡ, ಕ್ಷಮಿಸಿ ಮೇಡಂ, ರೆಕಾರ್ಡಿಗೋಸ್ಕರ, ಎಲ್ಲರೂ ಮೆಲ್ಲಗೆ ನಕ್ಕರು, ಡ್ರೈವರು ನಗಲಿಲ್ಲ. ಉದ್ಯೋಗ – ಉದ್ಯೋಗ ಅಂದರೆ ಅಪ್ಪ, ವಕೀಲರ ಕರಿ ಕೋಟು ಹೊಲಿಯುವ ದರ್ಜಿ, ಮನೆ ತುಂಬ ಕರಿ ಬಟ್ಟೆಯ ಚೂರು, ಅದರಲ್ಲೇ ಗೊಂಬೆ, ಅದರಲ್ಲೇ ದಿಂಬು, ಕೋಟು ಯಾರಿಗೆ ಬೇಕಾದ್ರೂ ಹೊಲಿತೀನಮ್ಮ, ಒಳಗೆ ನಿಲ್ಲೋ ಜೀವಾನ ಮಾತ್ರ ಅವರವರೇ ತರ್ಬೇಕು, ಸೂಜಿ ತುಟಿಯಲ್ಲಿ ಕಚ್ಚಿಕೊಂಡು ಹೇಳುತ್ತಿದ್ದ, ಮಗಳಿಗೆ ಕೋಟು ಹೊಲಿದ ದಿನ ಅಳತೆ ತೆಗೆಯುವಾಗ ಟೇಪಿನ ಅಂಕಿ ಬಿಟ್ಟು ಅವಳ ಮುಖವನ್ನೇ ನೋಡಿದ, ತೋಳು ಸ್ವಲ್ಪ ಉದ್ದವಾಯಿತು, ಬಿಚ್ಚಿ ಹೊಲಿಯಲು ಆಕೆ ಬಿಡಲಿಲ್ಲ, ಆ ಉದ್ದ ತೋಳನ್ನು ಮಡಚಿಕೊಂಡೇ ವಕಾಲತ್ತು ಮಾಡಿದಳು. ಆಮೇಲೆ ಕುರ್ಚಿ. ಕುರ್ಚಿ ಬಂದ ಮೇಲೆ ಮನೆಯ ಹೊರಗಿನ ಬದುಕು ಮುಗಿಯಿತು, ಅಕ್ಕನ ಮಗಳ ಮದುವೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬಂದಳು, ಯಾವ ಕಕ್ಷಿದಾರ ಬಂದು ಎಲೆ ಮುಂದೆ ಕೈ ಮುಗಿದಾನೋ ಎಂಬ ಭಯ, ಅಕ್ಕ ಇವತ್ತಿಗೂ ಆಡಿಕೊಳ್ಳುತ್ತಾಳೆ, ಇವಳಿಗೆ ನಾವೆಲ್ಲ ವಾದಿ ಪ್ರತಿವಾದಿ, ಅಕ್ಕ ತಂಗಿ ಅಲ್ಲ. ಪೇಟೆಗೆ ಹೋಗಲಿಲ್ಲ, ಸಿನಿಮಾಕ್ಕೆ ಹೋಗಲಿಲ್ಲ, ಕಾರಿನ ಕಿಟಕಿಗೆ ಪರದೆ, ಮೇಜಿನ ಮೇಲೆ ಫೈಲು, ಬೇರೆಯವರು ಕಂಡದ್ದನ್ನು ಕೇಳುವುದು, ಬೇರೆಯವರು ಬರೆದದ್ದನ್ನು ಓದುವುದು, ಅದರಿಂದ ನಡೆದದ್ದೇನೆಂದು ಕಟ್ಟುವುದು – ಕಟ್ಟುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ ಅಂತ ಹೊಗಳುತ್ತಿದ್ದರು – ಸ್ವಂತ ಕಣ್ಣಿಗೆ ಮಾತ್ರ ಅಷ್ಟೂ ವರ್ಷ ಕೆಲಸವೇ ಇರಲಿಲ್ಲ. ನಿವೃತ್ತ ನ್ಯಾಯಮೂರ್ತಿ, ಅಂದಳು ಗಟ್ಟಿಯಾಗಿ. ಮ್ಯಾಜಿಸ್ಟ್ರೇಟ್ ಅದನ್ನೇ ಬೆರಳಚ್ಚುಗಾರ್ತಿಗೆ ಹೇಳಿದ, ಕೀಲಿಗಳು ಟಕಟಕ ಅಂದವು.

ಆ ದಿನ ಬೆಳಿಗ್ಗೆ ನೀವೆಲ್ಲಿದ್ರಿ ಮೇಡಂ. ಬಾಲ್ಕನಿಯಲ್ಲಿ. ಏನ್ ಮಾಡ್ತಿದ್ರಿ. ಪೇಪರ್ ಓದ್ತಿದ್ದೆ. ಅಲ್ಲೇ ಇದೆ ನೋಡು ಎಲ್ಲ, ಪೇಪರ್ ಓದ್ತಿದ್ದೆ, ಓದುತ್ತಿರುವವಳ ಕಣ್ಣು ಪೇಪರಿನ ಮೇಲಿರುತ್ತದೆ, ರಸ್ತೆಯ ಮೇಲಲ್ಲ, ಕಾನೂನು ಕಾಲೇಜಿನ ಮೊದಲ ವರ್ಷದ ಹುಡುಗಿಗೂ ಹೊಳೆಯಬೇಕು ಇದು, ಆಕೆಗೆ ಮಾತ್ರ ಹೊಳೆಯದೆ ಹೋಯಿತು. ಢಬ್ ಎಂದು ಸದ್ದು, ತಲೆ ಎತ್ತಿದಳು, ಎತ್ತಿದ ಕಣ್ಣಿಗೆ ಮೊದಲು ಬಿದ್ದದ್ದು ಮುಚ್ಚಳ, ಸ್ಟೀಲಿನ ಊಟದ ಡಬ್ಬಿಯ ಮುಚ್ಚಳ, ರಸ್ತೆಯ ನಟ್ಟ ನಡುವೆ ಅಂಚಿನ ಮೇಲೆ ನಿಂತು ತಿರುಗುತ್ತಿತ್ತು, ಬೆಳಗಿನ ಬಿಸಿಲು ಒಂದೊಂದು ಸುತ್ತಿಗೂ ಅದರಿಂದ ಚಿಮ್ಮಿ ಕಣ್ಣಿಗೆ ಹೊಡೆಯುತ್ತಿತ್ತು. ಆಮೇಲೆ ವ್ಯಾನು, ಆಮೇಲೆ ಸೈಕಲ್ಲು, ಆಮೇಲೆ ಕೆಂಪು ದೀಪ, ಆಮೇಲೆ ಜನ. ಸಂಜೆಗೆ ಇನ್‌ಸ್ಪೆಕ್ಟರ್ ಮೆಟ್ಟಿಲು ಹತ್ತಿ ಬಂದ, ಟೊಪ್ಪಿಗೆ ಕಂಕುಳಲ್ಲಿ, ಕೂತ್ಕೋ ಅಂದರೂ ಕೂರಲಿಲ್ಲ, ನೀವು ನೋಡಿದ್ದು ನಮ್ಮ ಪುಣ್ಯ ಮೇಡಂ, ಇಲ್ದಿದ್ರೆ ಈ ಕೇಸು ಹಳ್ಳ ಹಿಡೀತಿತ್ತು, ಅಂದ, ಆಕೆ ಕಣ್ಣು ಮುಚ್ಚಿ ಹೇಳತೊಡಗಿದಳು, ತಡವರಿಸಲಿಲ್ಲ, ಒಂದು ಪದ ಹಿಂದಕ್ಕೆ ತೆಗೆಯಲಿಲ್ಲ, ಬ್ರೆಡ್ ವ್ಯಾನು ಉತ್ತರದ ಕಡೆಯಿಂದ ಅತಿವೇಗವಾಗಿ ಬಂದು, ಕೆಂಪು ದೀಪವನ್ನು ಲೆಕ್ಕಿಸದೆ, ಬಲಗಡೆಯಿಂದ ನಿಧಾನವಾಗಿ ಬರುತ್ತಿದ್ದ ಸೈಕಲ್ ಸವಾರನಿಗೆ – ಇನ್‌ಸ್ಪೆಕ್ಟರ್ ಅಲ್ಪವಿರಾಮ ಸಹಿತ ಬರೆದುಕೊಂಡ. ಸುಳ್ಳು ಹೇಳುತ್ತಿದ್ದೇನೆ ಅಂತ ಒಂದು ಎಳೆಯಷ್ಟೂ ಅನ್ನಿಸಲಿಲ್ಲ, ಅಷ್ಟೂ ಕಣ್ಣ ಮುಂದೆ ಕಾಣುತ್ತಿತ್ತು, ವ್ಯಾನು ನಿಜವಾಗಿ ಓಡಿ ಬರುತ್ತಿತ್ತು, ಸೈಕಲ್ಲಿನವನು ನಿಜವಾಗಿ ನಿಧಾನವಾಗಿ ಬರುತ್ತಿದ್ದ. ಸ್ನಾನ ಮಾಡಿ ತಲೆ ಒರೆಸಿಕೊಳ್ಳುತ್ತ ಬಂದ ಗಂಡ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ, ಹಲ್ಲಿನ ಡಾಕ್ಟರಾಗಿದ್ದವನು, ಬಾಯಿ ತೆಗೆದವರ ಹುಳುಕು ಹುಡುಕುವುದೇ ಜೀವಮಾನದ ಕಸುಬು, ಇನ್‌ಸ್ಪೆಕ್ಟರ್ ಹೋದ ಮೇಲೆ ಅಂದ, ಅಲ್ವೇ, ನೀನು ನೋಡಿದ್ಯೋ, ತೀರ್ಪು ಕೊಟ್ಯೋ? ಎಂದಿನ ಮನೆಯ ತಮಾಷೆ, ಕಾಫಿ ಸಪ್ಪೆ ಅಂದರೂ ಅಪೀಲಿಗೆ ಅವಕಾಶ ಇದ್ಯಾ ಅಂತ ಕೇಳುವ ಮನುಷ್ಯ, ಆಕೆ ನಕ್ಕು ಸುಮ್ಮನಾದಳು.

ಸುಮ್ಮನೇ ಇರುತ್ತಿದ್ದಳು ಇವತ್ತಿಗೂ, ಮೊನ್ನೆ ಅಡುಗೆಮನೆಯಲ್ಲಿ ಕೈ ಜಾರದಿದ್ದರೆ. ತೊಳೆದ ಪಾತ್ರೆ ಒರೆಸಿಡುತ್ತಿದ್ದಳು, ಸ್ಟೀಲ್ ಡಬ್ಬಿಯ ಮುಚ್ಚಳ ಬಟ್ಟೆಯಿಂದ ಜಾರಿತು, ನೆಲಕ್ಕೆ ಬಡಿಯಿತು, ಅಂಚಿನ ಮೇಲೆ ನಿಂತಿತು, ತಿರುಗಿತು. ಬಗ್ಗಿ ಹಿಡಿಯಲು ಹೋದ ಕೈ ಅಲ್ಲೇ ನಿಂತಿತು. ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ, ಮೊದಲು ನೆಟ್ಟಗೆ, ಆಮೇಲೆ ಓಲಾಡುತ್ತ, ಆಮೇಲೆ ನೆಲಕ್ಕೆ ಹತ್ತಿರ ಹತ್ತಿರ ಬಾಗಿ ಜೋರಾಗಿ ಗೊಣಗುತ್ತ, ಇನ್ನೇನು ಮಲಗಿತು ಅನ್ನುವಾಗ ಇನ್ನೂ ಒಂದು ಸುತ್ತು, ಅಬ್ಬಾ ಎಷ್ಟು ಹೊತ್ತು, ಆ ದಿನವೂ ಅದು ಮಲಗುವ ತನಕ ನಾನು ಅದನ್ನೇ ನೋಡಿದೆ, ಬೇರೆಲ್ಲಿಗೂ ಕಣ್ಣು ಕೀಳಲಾಗಲಿಲ್ಲ, ಅದು ಮಲಗಿದ ಮೇಲೆ ವ್ಯಾನು ನೋಡಿದೆ, ನಿಂತಿದ್ದ ವ್ಯಾನು, ಓಡುವ ವ್ಯಾನು ನಾನು ನೋಡಲೇ ಇಲ್ಲ, ಆಮೇಲೆ ಸಿಗ್ನಲ್ ನೋಡಿದೆ, ಕೆಂಪು, ಇಷ್ಟು ಹೊತ್ತಿನಲ್ಲಿ ಹಸಿರು ಕೆಂಪಾಗುವುದಕ್ಕೇನು, ಬೇಕಾದರೆ ಕೆಂಪಾಗಿ ಮತ್ತೆ ಹಸಿರಾಗಬಹುದು. ಮುಚ್ಚಳ ಎತ್ತಿ ಬೇಕೆಂದೇ ಮತ್ತೊಮ್ಮೆ ತಿರುಗಿಸಿದಳು. ಮತ್ತೊಮ್ಮೆ. ಗಂಡ ಬಂದು, ಏನಿದು ಈ ವಯಸ್ಸಲ್ಲಿ ಬುಗುರಿ ಆಟ, ಅಂದ, ಆಕೆಯ ಮುಖ ನೋಡಿ ತಮಾಷೆ ಬಿಟ್ಟ, ಸ್ಟೂಲು ಎಳೆದು ಕೂರಿಸಿದ. ನಾನು ನೋಡಿಲ್ಲ ಕಣ್ರೀ, ಅಂದಳು. ಹೋಗಿ ಹೇಳಿಬಿಡು ಅನ್ನುತ್ತಾನೆ ಅಂದುಕೊಂಡಳು, ಅನ್ನಲಿಲ್ಲ, ಆ ಡ್ರೈವರೇ ತಪ್ಪು ಮಾಡಿರ್ಲೂಬಹುದಲ್ಲೇ, ಕೆಂಪೇ ಇದ್ದಿರ್ಲೂಬಹುದು, ಅಂದ. ಇದ್ದಿರಲೂಬಹುದು. ಅದೇ ಬೆಂಕಿ. ಹಸಿರಿತ್ತು ಅಂತಲೂ ಆಕೆಗೆ ಗೊತ್ತಿಲ್ಲ, ಆ ಹೆಂಗಸಿಗೆ ಏನಂತ ಹೇಳುವುದು, ನಿನ್ನ ಗಂಡನ ತಪ್ಪಿತ್ತು ಅಂತಲೇ, ಇರಲಿಲ್ಲ ಅಂತಲೇ, ಎರಡೂ ಇಲ್ಲ, ಕೈಯಲ್ಲಿರುವುದು ಒಂದು ಮುಚ್ಚಳ.

ಸಿಗ್ನಲ್ ಯಾವ ಬಣ್ಣ ಇತ್ತು ಮೇಡಂ. ಬಂತು. ಸರ್ಕಾರಿ ವಕೀಲ ಕೇಳುತ್ತಲೇ ಮುಂದಿನ ಹಾಳೆ ತಿರುಗಿಸುತ್ತಿದ್ದಾನೆ, ಉತ್ತರ ಗೊತ್ತಿರುವ ಪ್ರಶ್ನೆ, ಮದುವೆಯಲ್ಲಿ ಊಟ ಆಯ್ತಾ ಅಂತ ಕೇಳಿದ ಹಾಗೆ. ನಾನು ನೋಡಿದಾಗ ಕೆಂಪಿತ್ತು, ಅಂದಳು. ನಿಜವೇ, ಅಕ್ಷರ ಅಕ್ಷರವೂ ನಿಜ, ನಾನು ನೋಡಿದಾಗ, ಆ ಎರಡು ಪದದ ಮೇಲೆ ಒಂದಿಷ್ಟು ಭಾರ ಹಾಕಿ ಹೇಳಿದಳು, ಯಾರಾದರೂ ಹಿಡಿದುಕೊಳ್ಳಲಿ ಅಂತ, ಅಡ್ಡಗೋಡೆ ಮೇಲೆ ದೀಪ ಇಡುವ ಸಾಕ್ಷಿಗಳನ್ನು ಎಷ್ಟು ಗದರಿದ್ದಾಳೆ ತಾನು, ಕಡ್ಡಿ ಮುರಿದ ಹಾಗೆ ಹೇಳ್ರೀ ಅಂತ, ಈಗ ತಾನೇ ಗೋಡೆ, ತಾನೇ ದೀಪ. ಮ್ಯಾಜಿಸ್ಟ್ರೇಟ್ ಬೆರಳಚ್ಚುಗಾರ್ತಿಯ ಕಡೆ ತಿರುಗಿ ಹೇಳಿದ, ವ್ಯಾನು ಬಂದಾಗ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು. ಟಕಟಕ. ಆಹಾ. ಎಷ್ಟು ನಯವಾಗಿ ಬಿದ್ದುಹೋಯಿತು ಆ ಎರಡು ಪದ, ಅವನದೇನೂ ತಪ್ಪಿಲ್ಲ, ಸಾಕ್ಷಿ ಹರಕು ಮುರುಕು ಮಾತಾಡುತ್ತಾನೆ, ನ್ಯಾಯಾಧೀಶ ಅದನ್ನು ಒಪ್ಪವಾದ ವಾಕ್ಯ ಮಾಡಿ ಬರೆಸುತ್ತಾನೆ, ಹಾಗೆ ಬರೆಸಬೇಕು ಅಂತ ಕಿರಿಯರಿಗೆ ಪಾಠ ಹೇಳಿದವಳೇ ಆಕೆ, ಹೊಟ್ಟು ತೂರಿ ಕಾಳು ಇಟ್ಟುಕೊಳ್ಳಿ ಅಂತ. ವ್ಯಾನು ಯಾವ ವೇಗದಲ್ಲಿ ಬಂತು ಅಂತಲೂ ಸರ್ಕಾರಿ ವಕೀಲ ಕೇಳಲಿಲ್ಲ, ಪೊಲೀಸರಿಗೆ ಕೊಟ್ಟ ಹೇಳಿಕೆ ತಮ್ಮದೇ ತಾನೇ ಅಂದ, ನನ್ನದೇ ಅಂದಳು, ಅದೂ ನಿಜ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಈಗ ಮನೆಗೆ ಹೋಗಬಹುದು, ಸುಳ್ಳು ನಾನು ಹೇಳಲಿಲ್ಲ, ಕಾಗದ ಹೇಳಿತು. ಇಷ್ಟಾದರೂ ಸರ್ಕಾರಿ ವಕೀಲನಿಗೆ ಸಮಾಧಾನವಿಲ್ಲ, ಮಹಾಸ್ವಾಮಿ, ಮೇಡಂ ಅವರದ್ದೇ ಒಂದು ತೀರ್ಪಿದೆ, ಅಂತ ಎದೆಯುಬ್ಬಿಸಿ ಓದತೊಡಗಿದ, ಪ್ರಕರಣದಲ್ಲಿ ಯಾವ ಹಿತಾಸಕ್ತಿಯೂ ಇಲ್ಲದ, ಸಮಾಜದಲ್ಲಿ ಗೌರವಸ್ಥನಾದ ಸಾಕ್ಷಿ ಸುಳ್ಳು ಹೇಳಲು ಕಾರಣವಿಲ್ಲ, ಆತನ ಒಂದೇ ಮಾತು ಶಿಕ್ಷೆಗೆ ಸಾಕು. ಆ ಸಾಲು. ಎಲ್ಲ ಕೋರ್ಟುಗಳೂ ಎತ್ತಿ ಬಳಸಿದ ಸಾಲು, ಬೀಳ್ಕೊಡುಗೆಯ ದಿನ ಭಾಷಣದಲ್ಲಿ ಎಲ್ಲರೂ ಹೇಳಿದ ಸಾಲು, ಗೋದಾಮಿಗೆ ಬೆಂಕಿ ಇಟ್ಟ ಕೇಸು, ಒಬ್ಬ ಮೇಷ್ಟ್ರು ಸಾಕ್ಷಿ, ಬಿಳಿ ಅಂಗಿ, ಕನ್ನಡಕ, ಪೂರ್ತಿ ಪೂರ್ತಿ ವಾಕ್ಯಗಳಲ್ಲಿ ಮಾತಾಡಿದರು, ಓಡಿ ಹೋದವನು ಇವನೇ ಅಂತ ಬೆರಳು ಮಾಡಿದರು, ಬೆರಳು ಅಲುಗಲಿಲ್ಲ, ಸುಳ್ಳು ಹೇಳುವ ಮುಖವಲ್ಲ, ಅಲ್ಲವೇ ಅಲ್ಲ, ಕಟಕಟೆಯಲ್ಲಿದ್ದವನು ಮೇಷ್ಟ್ರನ್ನು ಬೈಯಲೂ ಇಲ್ಲ, ಬೆರಗಾಗಿ ನೋಡುತ್ತ ನಿಂತಿದ್ದ. ಮೇಷ್ಟ್ರೇ, ನೀವು ಕಂಡದ್ದೇನು? ಬೆಂಕಿಯ ಬೆಳಕಲ್ಲಿ ಒಂದು ಬೆನ್ನು ಕಂಡಿರಬಹುದು, ಉಳಿದದ್ದನ್ನು ಮನೆಗೆ ಹೋಗಿ ಕಟ್ಟಿರಬಹುದು, ಕಟ್ಟಿರಲಿಕ್ಕಿಲ್ಲ, ಪೂರ್ತಿ ಕಂಡಿರಲೂಬಹುದು, ಈಗ ಯಾರನ್ನು ಕೇಳುವುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅಮ್ಮ ಎರಡು ಹೊತ್ತೂ ಹೇಳುತ್ತಿದ್ದಳು, ಓದು ಬಾರದ ಅಮ್ಮ, ಅದನ್ನು ತೀರ್ಪಿನಲ್ಲಿ ಬರೆಯಲು ಮಗಳಿಗೆ ನಾಚಿಕೆಯಾಯಿತು.

ಹೋಗಲಿ, ಇನ್ನೂ ಒಂದು ಬಾಗಿಲಿದೆ, ಪಾಟೀಸವಾಲು. ಡ್ರೈವರನ ಪರ ವಕೀಲೆ ಏಳುತ್ತಾಳೆ ಈಗ, ಎದ್ದು ಕೇಳುತ್ತಾಳೆ, ಪೇಪರ್ ಓದ್ತಿದ್ದೆ ಅಂದ್ರಲ್ಲ, ಸದ್ದು ಕೇಳಿದ್ಮೇಲೆ ತಾನೇ ತಲೆ ಎತ್ತಿದ್ದು, ಅಷ್ಟು ಕೇಳಿದರೆ ಸಾಕು, ಹೌದು ಅಂತೀನಿ, ಮೊದಲು ಏನ್ ಕಂಡ್ರಿ ಅಂತ ಕೇಳು, ಹೇಳ್ತೀನಿ, ಕೇಳಿದ್ದಕ್ಕೆ ಉತ್ತರ ಕೊಟ್ಟೆ ಅಂತಾಗುತ್ತದೆ, ಸೋತೆ ಅಂತಾಗುತ್ತದೆ, ಒಳ್ಳೆಯ ವಕೀಲೆಯ ಕೈಯಲ್ಲಿ ಸೋಲುವುದು ಮರ್ಯಾದೆಯ ಸೋಲು. ಬಾ ತಾಯಿ, ಏಳು. ಎದ್ದಳು. ತೆಳ್ಳಗಿನ ಹುಡುಗಿ, ಕೋಟಿನ ತೋಳು ಉದ್ದ – ಅಯ್ಯೋ, ಇವಳದ್ದೂ ಉದ್ದ, ಬೆರಳ ತುದಿಯವರೆಗೂ ಬಂದಿದೆ – ಒಮ್ಮೆ ಡ್ರೈವರನ ಕಡೆ ನೋಡಿದಳು, ಒಮ್ಮೆ ಆಕೆಯ ಕಡೆ, ಕಣ್ಣಲ್ಲಿ ಹೊಳಪು, ಆ ಹೊಳಪನ್ನು ಆಕೆ ಬಲ್ಲಳು, ಕಾಲೇಜುಗಳಿಗೆ ಭಾಷಣಕ್ಕೆ ಹೋದಾಗ ಮುಂದಿನ ಸಾಲಿನಲ್ಲಿ ಕಾಣುತ್ತಿದ್ದ ಹೊಳಪು, ಅದನ್ನು ಕಂಡರೆ ಎದೆ ತುಂಬುತ್ತಿತ್ತು, ಇವತ್ತು ಅದು ಬೇಡವಾಗಿತ್ತು. ಮಹಾಸ್ವಾಮಿ, ಮೇಡಂ ಅವರ ತೀರ್ಪುಗಳನ್ನ ಓದಿ ನಾನು ವಕೀಲೆ ಆದವಳು, ಅವರಿಗೆ ಪಾಟೀಸವಾಲು ಮಾಡೋಷ್ಟು ದೊಡ್ಡವಳಲ್ಲ, ಪ್ರಶ್ನೆಗಳಿಲ್ಲ. ಕೂತಳು. ಕೂತೇ ಬಿಟ್ಟಳು. ಕೋರ್ಟಿನಲ್ಲಿ ಮೆಚ್ಚುಗೆಯ ಗುಜುಗುಜು. ಕಟಕಟೆಯಲ್ಲಿ ಡ್ರೈವರ್ ಏನಾಯಿತೆಂದು ತಿಳಿಯದೆ ಪೊಲೀಸಿನವನನ್ನು ಕೇಳಿದ, ಆಯ್ತಾ ಸಾರ್? ಆಯ್ತು, ಅಂದ ಪೊಲೀಸಿನವನು. ಪೆದ್ದು ಹುಡುಗಿ, ಅನ್ನಿಸಿತು ಆಕೆಗೆ, ಸಿಟ್ಟು ನೆತ್ತಿಗೇರಿತು, ನಿನ್ನ ಭಕ್ತಿಗೆ ಬೆಂಕಿ ಬೀಳಲಿ, ಅವನ ಕುತ್ತಿಗೆ ಕೊಟ್ಟು ನನಗೆ ನಮಸ್ಕಾರ ಮಾಡಿದೆಯಲ್ಲೇ – ಆಮೇಲೆ ಸಿಟ್ಟು ತಿರುಗಿ ಬಂದು ಸರಿಯಾದ ಜಾಗದಲ್ಲಿ ಕೂತಿತು, ಇವಳಿಗೆ ಈ ಭಕ್ತಿ ಕಲಿಸಿದವರು ಯಾರು, ಗೌರವಸ್ಥರನ್ನು ಕೇಳಬೇಡಿ ಅಂತ ಬರೆದು ಕೊಟ್ಟವರು ಯಾರು, ಕುಂಬಳಕಾಯಿ ಕಳ್ಳ ಅಂದರೆ ಯಾರ ಹೆಗಲು ಮುಟ್ಟಿಕೊಳ್ಳಬೇಕು. ಪಾಟೀಸವಾಲಿಗೆ ಒಳಗಾಗದ ಸಾಕ್ಷ್ಯವನ್ನು ಒಪ್ಪಿಕೊಂಡಂತೆಯೇ ಭಾವಿಸತಕ್ಕದ್ದು, ಅದೂ ಆಕೆಯದೇ ವಾಕ್ಯ.

ಬೆರಳಚ್ಚುಗಾರ್ತಿ ಹಾಳೆ ತಂದು ಕಂಬಿಯ ಮೇಲಿಟ್ಟಳು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು, ಇಲ್ಲಿ ಮೇಡಂ, ಸಹಿ. ಕೆಳಗಡೆ ಆ ಸಾಲು ಆಗಲೇ ಕೂತಿದೆ, ಎಲ್ಲ ಸಾಕ್ಷಿ ಹೇಳಿಕೆಗಳ ಬುಡದಲ್ಲೂ ಕೂರುವ ಸಾಲು, ಓದಿ ಹೇಳಲಾಯಿತು, ಸರಿಯಿದೆ. ಯಾರೂ ಓದುವುದಿಲ್ಲ. ಯಾರೂ ಹೇಳುವುದಿಲ್ಲ. ಸಾಕ್ಷಿ ತೋರಿಸಿದ ಕಡೆ ಗೀಚಿ ಬಸ್ಸು ಹಿಡಿಯುತ್ತಾನೆ, ಹೆಬ್ಬೆಟ್ಟಿನವನು ಶಾಯಿಯನ್ನು ಗೋಡೆಗೆ ಒರೆಸುತ್ತಾನೆ, ಆಕೆಯ ಇಡೀ ಕಾಲದಲ್ಲಿ ಒಂದು ಸಲವೂ ಒಂದು ಹಾಳೆಯನ್ನೂ ಓದಿ ಹೇಳಿಸಿದ ನೆನಪಿಲ್ಲ, ಹೊತ್ತೆಲ್ಲಿತ್ತು, ಹೊರಗೆ ಮುಂದಿನ ಸಾಕ್ಷಿ ಕಾಯುತ್ತಿದ್ದ, ಓದಿ ಹೇಳಲಾಯಿತು ಅಂತ ಬರೆದರೆ ಓದಿ ಹೇಳಿದಂತೆಯೇ, ಎಷ್ಟು ಜನ ಇಲ್ಲಿ ನಿಂತು ನಾನು ಹಾಗಂದಿಲ್ಲ ಅನ್ನಬೇಕೆಂದು ಬಾಯಿ ತೆಗೆದು, ಮೇಲೆ ನೋಡಿ, ಆಕೆಯ ಮುಖ ನೋಡಿ – ಇಲ್ಲ, ಕೆಳಗೆ ನೋಡಿ, ಆಕೆಯ ಬರಿಗಾಲು ನೋಡಿ – ಸಹಿ ಹಾಕಿ ಹೋದರೋ. ಪೆನ್ನು ಹಿಡಿದಳು. ಬೆಂಚಿನ ತುದಿಯಲ್ಲಿ ಆ ಹೆಂಗಸು ಮೊದಲ ಸಲ ಬೆನ್ನು ಆನಿಸಿ ಕೂತಿದ್ದಾಳೆ, ಭಾರ ಇಳಿದವಳಂತೆ, ಆಕೆಯನ್ನೇ ನೋಡುತ್ತಿದ್ದಾಳೆ, ದೇವರಂಥೋರು ಅಂತ ಬೆಳಿಗ್ಗೆ ವರಾಂಡದಲ್ಲಿ ಕೈ ಹಿಡಿದುಕೊಂಡಿದ್ದಳು, ಬಿಸಿ ಕೈ, ಬಿಡಿಸಿಕೊಳ್ಳಲು ಕಷ್ಟವಾಗಿತ್ತು. ಡ್ರೈವರ್ ಉಗುರು ಕಚ್ಚುತ್ತಿದ್ದಾನೆ. ಒಂದು ಸಹಿ, ಆಮೇಲೆ ಕಾರು, ಮನೆ, ಕಾಫಿ, ಗಂಡ ಏನೂ ಕೇಳುವುದಿಲ್ಲ, ಅವನು ಕೇಳದೆ ಇರುವುದೇ ಅಸಹ್ಯ. ಪೆನ್ನಿಗೆ ಮುಚ್ಚಳ ಹಾಕಿದಳು. ಓದಿ, ಅಂದಳು. ಬೆರಳಚ್ಚುಗಾರ್ತಿಗೆ ಅರ್ಥವಾಗಲಿಲ್ಲ. ಓದಿ ಹೇಳಲಾಯಿತು ಅಂತ ಬರ್ದಿದೀರಲ್ಲ, ಇನ್ನೂ ಓದಿಲ್ಲ, ಓದಿ. ಅವಳು ಮ್ಯಾಜಿಸ್ಟ್ರೇಟನ ಮುಖ ನೋಡಿದಳು, ಮ್ಯಾಜಿಸ್ಟ್ರೇಟ್ ಹಾಳೆ ತರಿಸಿಕೊಂಡು ತಾನೇ ಓದಿದ, ಗಂಟಲು ಸರಿಮಾಡಿಕೊಂಡು, ಗುರುಗಳ ಮುಂದೆ ಪಾಠ ಒಪ್ಪಿಸುವವನ ಹಾಗೆ, ನಾನು ನಿವೃತ್ತ ನ್ಯಾಯಮೂರ್ತಿ, ಆ ದಿನ ಬೆಳಿಗ್ಗೆ ನನ್ನ ಮನೆಯ ಬಾಲ್ಕನಿಯಲ್ಲಿದ್ದೆ, ವ್ಯಾನು ಬಂದಾಗ ಸಿಗ್ನಲ್ಲಿನಲ್ಲಿ ಕೆಂಪು ದೀಪ ಇತ್ತು –

ಸರಿಯಿಲ್ಲ, ಅಂದಳು. ಮೇಜಿನ ಕೆಳಗೆ ಎರಡೂ ಪಾದಗಳು ಗಾಬರಿಯಾಗಿ ಬೂಟು ಹುಡುಕತೊಡಗಿದವು. ವ್ಯಾನು ಬಂದದ್ದು ನಾನು ನೋಡಿಲ್ಲ, ಪೇಪರ್ ಓದ್ತಿದ್ದೆ, ಸದ್ದಾದ್ಮೇಲೆ ತಲೆ ಎತ್ತಿದೆ, ದೀಪ ನೋಡಿದ್ದು ಆಮೇಲೆ, ತುಂಬ ಆಮೇಲೆ. ಸರ್ಕಾರಿ ವಕೀಲ ಎದ್ದ, ಇಂಥ ಹೊತ್ತಿನಲ್ಲಿ ಸಾಕ್ಷಿ ತಿರುಗಿಬಿದ್ದಿದೆ ಅಂತ ಹೇಳಿ ಸ್ವಂತ ಸಾಕ್ಷಿಗೇ ಪಾಟೀಸವಾಲು ಮಾಡಲು ಅನುಮತಿ ಬೇಡಬೇಕು, ಆ ಮಾತು ಅವನ ಬಾಯಿಂದ ಹೊರಡಲಿಲ್ಲ, ತಕ್ಕಡಿ ಅತ್ತೆ ತಿರುಗಿಬಿದ್ದಿದ್ದಾಳೆ ಅಂತ ಹೇಗೆ ಹೇಳುವುದು, ಹಾಗಾದ್ರೆ ಮೇಡಂ, ಪೊಲೀಸರ ಮುಂದೆ ಹೇಳಿದ್ದು ಸುಳ್ಳಾ, ಅಂದ, ಪಾಪ, ಅಳುವವನ ಹಾಗೆ. ಸುಳ್ಳಲ್ಲ, ಅಂದಳು, ತೀರ್ಪು. ವಕೀಲೆಯ ಮುಖದ ಹೊಳಪು ಆರಿಹೋಗಿತ್ತು, ಆರಲಿ, ಇನ್ನು ಮೇಲಾದರೂ ಪ್ರಶ್ನೆ ಕೇಳುತ್ತಾಳೆ. ನಾಳೆ ಪೇಪರಿನಲ್ಲಿ ಬರುತ್ತದೆ, ಹಳೆಯ ತೀರ್ಪುಗಳನ್ನೆಲ್ಲ ಕೆದಕುತ್ತಾರೆ, ಬಾರ್ ಕೋಣೆಯಲ್ಲಿ ಉಪ್ಪು ಖಾರ ಹಚ್ಚಿ ಚಪ್ಪರಿಸುತ್ತಾರೆ, ಮಾತು ಆಡಿದರೆ ಹೋಯಿತು, ಹೋಗಲಿ. ಹಾಗಾದ್ರೆ ನೀವು ಏನ್ ನೋಡಿದ್ರಿ ಮೇಡಂ, ಕೇಳಿದ ಮ್ಯಾಜಿಸ್ಟ್ರೇಟ್, ಬೂಟು ಸಿಕ್ಕಿತ್ತು, ಕಾಲು ಒಳಗೆ ಹೋಗಿತ್ತು, ಈಗ ಮಾತ್ರ ಅವನು ಪೂರ್ತಿ ನ್ಯಾಯಾಧೀಶ. ಮುಚ್ಚಳ. ಅವನು ಬೆರಳಚ್ಚುಗಾರ್ತಿಯ ಕಡೆ ತಿರುಗಿ ಬಾಯಿ ತೆರೆದ, ವಾಕ್ಯ ಸಿಗಲಿಲ್ಲ. ಆಕೆಯೇ ಬರೆಸಿದಳು, ಬರೆದುಕೊಳ್ಳಮ್ಮ, ನಾನು ಊಟದ ಡಬ್ಬಿಯ ಮುಚ್ಚಳವೊಂದು ರಸ್ತೆಯಲ್ಲಿ ತಿರುಗುತ್ತಿರುವುದನ್ನು ಕಂಡೆ, ಅದು ನಿಲ್ಲುವ ತನಕ ಬೇರೇನನ್ನೂ ಕಾಣಲಿಲ್ಲ. ಟಕಟಕ, ಟಕ. ಆಗ ಬೆಂಚಿನ ತುದಿಯಿಂದ, ಯಾರೂ ಕೇಳದೆ, ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಆ ಹೆಂಗಸು, ಅದು ಸಡಿಲ ಇತ್ತು, ಒತ್ತಿ ಹಾಕಿದ್ರೂ ಕೂರ್ತಿರ್ಲಿಲ್ಲ, ಬೇರೇದು ತಗೋಳಣ ಅಂತಿದ್ರು. ಕೆನ್ನೆಗೆ ಹೊಡೆದಂತಾಯಿತು. ಅಷ್ಟು ದಿನ ಅದು ಒಂದು ಮುಚ್ಚಳವಾಗಿತ್ತು, ಯಾರದ್ದೂ ಅಲ್ಲದ ಮುಚ್ಚಳ, ಅದನ್ನು ಬೆಳಿಗ್ಗೆ ಎದ್ದು ಒತ್ತಿ ಮುಚ್ಚಿದ ಕೈ ಅಲ್ಲಿ ಚೀಲ ಹಿಡಿದು ಕೂತಿದೆ, ಅವಳಿಗೆ ಆಕೆ ಕೊಟ್ಟದ್ದು ಇಷ್ಟೇ, ನ್ಯಾಯ ಅಲ್ಲ, ಇಷ್ಟೇ – ಓದಿ ಹೇಳಲಾಯಿತು, ಮ್ಯಾಜಿಸ್ಟ್ರೇಟ್ ಹೊಸ ಹಾಳೆ ಓದುತ್ತಿದ್ದಾನೆ, ಸಹಿ ಮೇಡಂ, ಪೆನ್ನು ಕೈಯಲ್ಲಿದೆ, ಸಹಿ, ಬಿಸಿಲು ಅಂಚಿನಿಂದ ಚಿಮ್ಮುತ್ತಿದೆ, ಓಲಾಡುತ್ತಿದೆ, ನೆಲಕ್ಕೆ ಬಾಗುತ್ತಿದೆ, ಗೊಣಗುತ್ತಿದೆ, ಇನ್ನೇನು ಮಲಗಿತು, ಮಲಗಿಲ್ಲ, ಮುಚ್ಚಳ, ತಿರುಗುತ್ತಿದೆ, ಮುಚ್ಚಳ